ಸಲೂನಿನ ಹೊರಗೆ ನಾಲ್ಕು ಜೊತೆ ಬೂಟು

“ಸಲೂನ್ ಅಂದ್ರೆ ಹೆಂಡದಂಗಡಿ ಕಣಮ್ಮ. ಹೆಂಡ ನಿಷೇಧ ಇರೋ ಕುವೈತಲ್ಲಿ ಕೂತ್ಕೊಂಡು ಹೆಂಡದಂಗಡಿ ನಾಟಕ ಆಡಿಸ್ತೀನಿ ಅಂತೀಯಲ್ಲ,” ಎಂದರು ಶ್ಯಾಮಸುಂದರ್.

ಕುವೈತಿನ ಸಾಲ್ಮಿಯಾ ಬಡಾವಣೆಯ ಒಂದು ಹೋಟೆಲಿನ ಮಹಡಿಯಲ್ಲಿ ಕನ್ನಡ ಸಂಘದ ಸಮಿತಿ ಸಭೆ ನಡೆದಿತ್ತು. ಶ್ಯಾಮಸುಂದರ್ ಸಂಘದ ಅಧ್ಯಕ್ಷರು, ಸೇತುವೆ ಕಟ್ಟುವ ಕಂಪನಿಯಲ್ಲಿ ಹಿರಿಯ ಇಂಜಿನಿಯರ್. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ, ಹೊಸದೊಂದು ನಿಯಮ ಮಾಡುತ್ತಿದ್ದರು.

ಎದುರಿಗಿದ್ದ ಪಾವನಾ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವವಳು. ಪ್ರತಿ ಮೇ ತಿಂಗಳಲ್ಲಿ, ಎಲ್ಲರೂ ರಜೆಗೆ ಊರಿಗೆ ಹಾರುವ ಮುಂಚೆ, ಸಂಘದ ವಾರ್ಷಿಕೋತ್ಸವಕ್ಕೆ ಅವಳು ಅರ್ಧ ಗಂಟೆಯ ನಾಟಕ ಬರೆದು ಆಡಿಸುತ್ತಿದ್ದಳು. ಬ್ಯಾಂಕಿನ ಕೆಲಸ ಅವಳಿಗೆ ಬೇಸರವೇನಲ್ಲ. ಆದರೆ ವರ್ಷವಿಡೀ ಅವಳು ಕಾಯುತ್ತಿದ್ದದ್ದು ಆ ಅರ್ಧ ಗಂಟೆಗೆ. ಈ ಸಲ ಅದಕ್ಕೇ ಕುತ್ತು ಬಂದಿತ್ತು. ಹಿಂದಿನ ವರ್ಷ ನಟನೊಬ್ಬ ವೇದಿಕೆಯ ಮೇಲೆ ಸ್ಕ್ರಿಪ್ಟಿನಲ್ಲಿಲ್ಲದ ಜೋಕು ಹೊಡೆದಿದ್ದ, ಅದೂ ತನಗೆ ಕೆಲಸ ಕೊಟ್ಟ ಕಫೀಲನ ಮೇಲೆ. ಜೋಕು ವಿಡಿಯೊ ಸಮೇತ ಮರುದಿನವೇ ಕಫೀಲನ ಫೋನಿಗೆ ತಲುಪಿತ್ತು. ಅಂದಿನಿಂದ ಸಾಂಸ್ಕೃತಿಕ ಕಾರ್ಯದರ್ಶಿ ಸ್ಪಂದನಾ, ನಾಟಕದ ಬದಲು ಸೀರೆ ಫ್ಯಾಷನ್ ಶೋ ಇಡೋಣ ಎಂದು ಹಟ ಹಿಡಿದಿದ್ದಳು. ಸೀರೆಗಳು ಬಾಯಿ ಬಿಡುವುದಿಲ್ಲ ಎನ್ನುವುದು ಅವಳ ವಾದ.

“ಸರ್, ನೀವು ಸಿನಿಮಾದಲ್ಲಿ ನೋಡಿರೋ ಸಲೂನೇ ಬೇರೆ,” ಎಂದಳು ಪಾವನಾ. “ಕೌಬಾಯ್ ಕಾಲದ ಅಮೆರಿಕದ ಗಡಿ ಊರುಗಳಲ್ಲಿ ಏನಿತ್ತು? ಧೂಳು, ಹತ್ತಾರು ಡೇರೆ, ಊರು ಬಿಟ್ಟು ಬಂದ ಗಂಡಸರು. ಸೂರು ಅಂತ ಇದ್ದಿದ್ದು ಸಲೂನ್ ಒಂದಕ್ಕೇ. ಕಾಗದ ಬಂದ್ರೆ ಅಲ್ಲೇ ಇಡೋರು. ಜಡ್ಜ್ ಬಂದ್ರೆ ಅಲ್ಲೇ ಕೋರ್ಟು. ಪಾದ್ರಿ ಬಂದ್ರೆ ಭಾನುವಾರ ಅಲ್ಲೇ ಪ್ರಾರ್ಥನೆ. ಕೆಲಸ ಬೇಕಾದವನೂ ಅಲ್ಲಿಗೇ, ಕೆಲಸದವನು ಬೇಕಾದವನೂ ಅಲ್ಲಿಗೇ.”

“ಎಲ್ಲಾ ಸರಿ. ಕುಡಿಯೋಕೆ ಹೋಗ್ತಿರ್ಲಿಲ್ವ?”

“ಹೋಗ್ತಿದ್ರು. ಅಬ್ಬಾಸಿಯಾದ ಉಮ್ಮರ್ ಕುಂಞಿ ಕೆಫೆಟೇರಿಯಾಗೆ ಜನ ಬರೀ ಚಹಾ ಕುಡಿಯೋಕೆ ಹೋಗ್ತಾರಾ ಸರ್?”

ಸಭೆಯಲ್ಲಿ ಕೆಲವರು ತಲೆಯಾಡಿಸಿದರು. ವಲಸೆ ಬಂದವರೇ ತುಂಬಿದ ಅಬ್ಬಾಸಿಯಾದಲ್ಲಿ ಒಂದು ರೂಮಿಗೆ ಆರು ಜನರಂತೆ ಇದ್ದು ಬಂದವರು ಸಮಿತಿಯಲ್ಲಿ ಇಬ್ಬರು ಮೂವರಿದ್ದರು. ಉಮ್ಮರ್ ಕುಂಞಿಯ ಕೆಫೆಟೇರಿಯಾದ ಗೋಡೆ ತುಂಬ ‘ಬೆಡ್ ಸ್ಪೇಸ್ ಖಾಲಿ ಇದೆ’ ಚೀಟಿಗಳು. ಮಂಗಳೂರಿಗೆ ಹೊರಟವನ ಕೈಲಿ ಕಳಿಸುವ ಪೊಟ್ಟಣಗಳು ಫ್ರಿಜ್ಜಿನ ಮೇಲೆ ಇರುತ್ತಿದ್ದವು. ರೂಮ್‌ಮೇಟ್‌ಗಳು ಜಗಳವಾಡಿದರೆ ಪಂಚಾಯ್ತಿ ಅಲ್ಲೇ. ಶ್ಯಾಮಸುಂದರ್ ಕೂಡ ಕುವೈತಿಗೆ ಬಂದ ಹೊಸದರಲ್ಲಿ ಅದೇ ಬೆಂಚಿನ ಮೇಲೆ ಕೂತು ಮೊದಲ ರೂಮು ಹುಡುಕಿಕೊಂಡಿದ್ದರು.

ಅವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ನಂತರ ನಿಯಮ ಹೊರಟಿತು.

“ಬಾಟ್ಲಿ ಬೇಡ. ಗ್ಲಾಸ್ ಬೇಡ. ತೂರಾಡೋದು ಬೇಡ. ಬಂದೂಕು ಬೇಡ, ಆಟದ್ದೂ ಬೇಡ. ಸ್ಕ್ರಿಪ್ಟ್ ನಾನು ಓದಿ ಸೈನ್ ಹಾಕ್ತೀನಿ. ಅದರಿಂದ ಒಂದು ಸಾಲು ಆಚೀಚೆ ಆದ್ರೂ ಮುಂದಿನ ವರ್ಷದಿಂದ ನಾಟಕ ಖಲಾಸ್, ಆ ಟೈಮು ಸ್ಪಂದನಾಗೆ. ಒಪ್ಪಿಗೆನಾ?”

“ಟೋಪಿ ಹಾಕ್ಬೋದಾ ಸರ್?”

“ಟೋಪಿ ಹಾಕಿ.”

ನಾಟಕದ ಊರಿಗೆ ಪಾವನಾ ಧೂಳೂರು ಎಂದು ಹೆಸರಿಟ್ಟಳು. ಕತೆ ಸರಳವಾಗಿತ್ತು. ಧೂಳೂರಿಗೆ ಬರುವ ಅಂಚೆ ಚೀಲ ಕಳುವಾಗಿದೆ. ಊರಿಂದೂರಿಗೆ ತಿರುಗುವ ಜಡ್ಜ್ ಬಂದು ಸಲೂನಿನಲ್ಲಿ ಕೋರ್ಟು ಹೂಡುತ್ತಾನೆ. ಅಲ್ಲಿಗೇ ಬಂದ ಅಪರಿಚಿತನ ಟೋಪಿಯೊಳಗೆ ಕದ್ದ ಕಾಗದ ಸಿಗುತ್ತದೆ. ಅವನು ಬಾಗಿಲು ತಳ್ಳಿ ಓಡುತ್ತಾನೆ, ಊರು ಕಾಯುವ ಶೆರೀಫ್ ಹಿಡಿಯುತ್ತಾನೆ, ಜಡ್ಜ್ ಗಡಿಪಾರು ಮಾಡುತ್ತಾನೆ. ವಿಸ್ಕಿ ಇಲ್ಲದ್ದಕ್ಕೆ ಅಷ್ಟೇನೂ ತೊಂದರೆಯಾಗಲಿಲ್ಲ. ಆ ಕಾಲದ ಸಲೂನುಗಳಲ್ಲಿ ಗಿರಾಕಿಗಳಿಗೆ ಪುಕ್ಕಟೆ ಊಟ ಇಡುತ್ತಿದ್ದರೆಂದು ಪಾವನಾ ಓದಿದ್ದಳು. ಹಾಗಾಗಿ ಧೂಳೂರಿನ ಜನ ಬೇಯಿಸಿದ ಕಾಳು, ರೊಟ್ಟಿ ತಿನ್ನುತ್ತ ಮಾತಾಡುತ್ತಿದ್ದರು. ಉಮ್ಮರ್ ಕುಂಞಿ ಬಕೆಟ್ ತುಂಬ ಫೂಲ್ ಎಂಬ ಕಾಳಿನ ಪಲ್ಯ, ಒಂದು ಚೀಲ ಖುಬ್ಜ್ ರೊಟ್ಟಿ ಕಳಿಸುವುದಾಗಿ ಒಪ್ಪಿದ. “ಹಣ ಎಲ್ಲ ಬೇಡ ಮೇಡಂ. ಆದ್ರೆ ತಿನ್ನೋವಾಗ ಚೆನ್ನಾಗಿ ಉಂಟು ಅಂತ ಮುಖ ಮಾಡ್ಬೇಕು,” ಎಂದು ಷರತ್ತು ಹಾಕಿದ.

ತಾಲೀಮು ಪಾವನಾಳ ಸಾಲ್ಮಿಯಾ ಫ್ಲಾಟಿನಲ್ಲಿ ನಡೆಯಿತು. ಅಲ್ಲಿ ಅವಳ ಅತ್ತೆ ಚಂದ್ರಪ್ರಭಾ ಇದ್ದರು. ಮಂಡ್ಯದಿಂದ ಮಗನ ಮನೆಗೆ ಬಂದವರು ಬಾಗಿಲಿಗೆ ಹತ್ತಿರದ ಸೋಫಾ ಹಿಡಿದಿದ್ದರು, ಅಲ್ಲಿಂದ ಅವರ ಕಣ್ಣು ತಪ್ಪಿಸಿ ಒಂದು ಚಪ್ಪಲಿಯೂ ಒಳಗೆ ಬರುವಂತಿರಲಿಲ್ಲ.

“ಹೊರಗೆ, ಹೊರಗೆ. ಚಪ್ಲಿ ಹೊರಗೆ.”

“ಆಂಟಿ, ನಾನು ದರೋಡೆಕೋರ ಅಲ್ವಾ?” ಎಂದ ಬರ್ನಾರ್ಡ್. ತೈಲ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದ ಮಂಗಳೂರಿನವನು, ನಾಟಕದ ಅಪರಿಚಿತ ಕಳ್ಳ ಅವನೇ. “ದರೋಡೆಕೋರ ಶೂ ಬಿಚ್ಚಿ ಬರೋದನ್ನ ನೀವು ಎಲ್ಲಿಯಾದ್ರೂ ಕಂಡಿದ್ದೀರಾ ಮಾರಾಯ್ರೆ?”

“ಯಾರಾದ್ರೂ ಆಗಪ್ಪ. ನೆಲ ಒರ್ಸೋಳು ನಾನು.”

ಪಾವನಾಳ ಗಂಡ ಮೋಹಿತ್ ಥರ್ಮಕೋಲಿನಲ್ಲಿ ಮಾಡಿದ ಎರಡು ಪುಟ್ಟ ಬಾಗಿಲುಗಳನ್ನು ಮುಂಬಾಗಿಲಿನ ಚೌಕಟ್ಟಿಗೇ ಕಟ್ಟಿದ್ದ. ಒಳಕ್ಕೂ ಹೊರಕ್ಕೂ ತೂಗುವ ಸಲೂನ್ ಬಾಗಿಲು ಅದು. ಹೀಗಾಗಿ ಫ್ಲಾಟಿಗೆ ಬರುವುದೂ ಸಲೂನಿಗೆ ಬರುವುದೂ ಒಂದೇ ಆಗಿಹೋಯಿತು. ಪ್ರತಿ ಪ್ರವೇಶಕ್ಕೂ ನಟರು ಲಿಫ್ಟಿನ ಎದುರು ನಿಲ್ಲಬೇಕು, ಹೊರಗಿದ್ದಾಗ ಚಪ್ಪಲಿ ಮೆಟ್ಟಬೇಕು, ಸರದಿ ಬಂದಾಗ ಬಿಚ್ಚಿ ಬಾಗಿಲು ತಳ್ಳಬೇಕು. ಬರ್ನಾರ್ಡನ ಹೆಂಡತಿ ಡೊರೊತಿ ಆಸ್ಪತ್ರೆಯಲ್ಲಿ ನರ್ಸ್, ನಾಟಕದಲ್ಲಿ ಸಲೂನಿನ ಒಡತಿ. ಚಂದ್ರಪ್ರಭಾ ಮೊದಲ ದಿನವೇ ಅವಳನ್ನು ಹತ್ತಿರ ಕರೆದು ಕೇಳಿದ್ದರು.

“ಅಲ್ಲಮ್ಮ, ಒಬ್ಳೇ ಅಂಗಡಿ ನಡೆಸ್ತೀಯಲ್ಲ, ನಿನ್ನ ಗಂಡ ಎಲ್ಲಿ?”

“ನಾಟಕದಲ್ಲಾ ಆಂಟಿ? ಸತ್ತಿದ್ದಾನೆ.”

“ಅಯ್ಯೋ ಪಾಪ. ಏನಾಗಿತ್ತು?”

“ಸ್ಕ್ರಿಪ್ಟಲ್ಲಿ ಬರ್ದಿಲ್ಲ ಆಂಟಿ.”

ನಿಯಮ ಪಾಲನೆ ನೋಡಲು ಶ್ಯಾಮಸುಂದರ್ ಪ್ರತಿ ತಾಲೀಮಿಗೂ ತಪ್ಪದೆ ಬಂದರು. ಬಾಗಿಲಲ್ಲಿ ಬಗ್ಗಿ ಶೂ ಲೇಸು ಬಿಚ್ಚುವರು, ಶೂಗಳನ್ನು ಗೋಡೆಗೆ ಸಮನಾಗಿ ಜೋಡಿಸುವರು, ತೂಗುಬಾಗಿಲು ತಳ್ಳಿ ಒಳಬಂದು ಚಂದ್ರಪ್ರಭಾ ಪಕ್ಕ ಕೂತು ಸ್ಕ್ರಿಪ್ಟಿನ ಸಾಲುಗಳ ಮೇಲೆ ಬೆರಳಾಡಿಸುವರು. ‘ಮತ್ತೆ’ ಎಂದಿರುವ ಕಡೆ ಬರ್ನಾರ್ಡ್ ‘ಪುನಃ’ ಎಂದರೂ ನಿಲ್ಲಿಸುತ್ತಿದ್ದರು. ಹೀಗೆ ಅವರಿಗೆ ಎಲ್ಲರ ಮಾತೂ ಬಾಯಿಪಾಠವಾಯಿತು.

ವಾರ್ಷಿಕೋತ್ಸವದ ಹಿಂದಿನ ದಿನ ಜಡ್ಜ್ ಪಾತ್ರದ ಕಾಂತಪ್ಪ ಫೋನ್ ಮಾಡಿದ. ಅವನ ಕಂಪನಿ ಅವನನ್ನು ಉತ್ತರದ ಎಣ್ಣೆಬಾವಿಗೆ ಡ್ಯೂಟಿಗೆ ಕಳಿಸಿತ್ತು. ಪಾವನಾ ಯೋಚಿಸಿ ಕೂರಲಿಲ್ಲ. ಆ ಪಾತ್ರದ ಮಾತು ಬರುತ್ತಿದ್ದ ಮನುಷ್ಯ ಕುವೈತಿನಲ್ಲಿ ಇನ್ನೊಬ್ಬರೇ ಇದ್ದರು.

“ನಾನಾ? ನಾನು ಸ್ಟೇಜ್ ಹತ್ತಿ ಭಾಷಣ ಮಾಡೋನು ಕಣಮ್ಮ, ನಾಟಕ ಎಲ್ಲಾ…” ಎಂದರು ಶ್ಯಾಮಸುಂದರ್.

“ನೀವು ಬರ್ಲಿಲ್ಲ ಅಂದ್ರೆ ನಾಟಕ ಇಲ್ಲ ಸರ್. ಬಂದ್ರೆ, ಒಂದು ಸಾಲೂ ಆಚೀಚೆ ಆಗಲ್ಲ ಅನ್ನೋ ಗ್ಯಾರಂಟಿ ನಿಮ್ಮೊಬ್ರಿಂದಲೇ.”

ಕೊನೆಯ ಮಾತು ಕೆಲಸ ಮಾಡಿತು.

ಶುಕ್ರವಾರ ಮಧ್ಯಾಹ್ನ ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣ ತುಂಬಿತ್ತು. ಗಂಡಸರು ನಾಲ್ವರಿಗೂ ಬರ್ನಾರ್ಡ್ ತನ್ನ ಕಂಪನಿಯ ಸ್ಟೋರಿನಿಂದ ಸೇಫ್ಟಿ ಶೂ ತಂದಿದ್ದ. ಕಪ್ಪು ಬಣ್ಣ, ಕಣಕಾಲ ತನಕ ಲೇಸು, ಒಳಗೆ ಕಬ್ಬಿಣ. ದೂರದಿಂದ ನೋಡಿದರೆ ಕುದುರೆ ಸವಾರರ ಬೂಟಿನಂತೆಯೇ ಇದ್ದವು. ಅವು ಅವನ ಕೈಗೆ ಸಿಕ್ಕಿದ್ದು ಅಂದು ಬೆಳಿಗ್ಗೆ, ಹಾಗಾಗಿ ಬೂಟು ಹಾಕಿಕೊಂಡು ಯಾರೂ ಒಂದು ಸಲವೂ ತಾಲೀಮು ಮಾಡಿರಲಿಲ್ಲ. ಪಾವನಾ ಅದನ್ನು ಗಮನಿಸಿದಳು, ಅದರಿಂದ ಏನಾಗಬಹುದೆಂದು ಯೋಚಿಸಲಿಲ್ಲ.

ಪರದೆ ಸರಿಯಿತು. ಸಲೂನಿನ ಒಳಗೆ ಡೊರೊತಿ ಕಟ್ಟೆ ಒರೆಸುತ್ತಿದ್ದಳು. ವೇದಿಕೆಯ ಎಡಕ್ಕೆ ತೂಗುಬಾಗಿಲು, ಅದರ ಹೊರಗೆ ಒಂದು ಬೆಂಚು. ಮೊದಲ ಪ್ರವೇಶ ಜಡ್ಜಿನದು. ಶ್ಯಾಮಸುಂದರ್ ಕಪ್ಪು ಕೋಟು, ಅಗಲದ ಟೋಪಿಯಲ್ಲಿ ಬಂದರು. ನಡಿಗೆ ಚೆನ್ನಾಗಿತ್ತು. ಬಾಗಿಲ ಬಳಿ ನಿಂತರು. ಆಮೇಲೆ ಬೆಂಚಿನ ಮೇಲೆ ಕೂತು, ಒಂದೊಂದೇ ಲೇಸು ಬಿಚ್ಚಿ, ಬೂಟುಗಳನ್ನು ಗೋಡೆಗೆ ಸಮನಾಗಿ ಜೋಡಿಸಿ, ತೂಗುಬಾಗಿಲು ತಳ್ಳಿ ಒಳಗೆ ಬಂದರು.

ಪರದೆಯ ಮರೆಯಲ್ಲಿ ಪಾವನಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಎಸಿಯ ತಣ್ಣನೆ ನೆಲ ತಾಗಿದಾಗ ಶ್ಯಾಮಸುಂದರ್ ಕೆಳಗೆ ನೋಡಿದರು. ಬಿಳಿ ಸಾಕ್ಸು. ಬಲಗಾಲ ಹೆಬ್ಬೆರಳು ತೂತಿನಿಂದ ಹೊರಗೆ ಬಂದಿತ್ತು. ಬಾಯಿಪಾಠವಾಗಿದ್ದ ಮಾತು ಮರೆತುಹೋಯಿತು. ಅಷ್ಟರಲ್ಲಿ ಮೊದಲ ಸಾಲಿನಿಂದ ಚಂದ್ರಪ್ರಭಾ ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಹಾಂ, ಒಳ್ಳೆ ಮನೆತನದ ಜಡ್ಜು.”

ಜನ ನಕ್ಕರು. ಶ್ಯಾಮಸುಂದರ್ ಕಿವಿ ಕೆಂಪಾಯಿತು. ಹಿಂದಕ್ಕೆ ಹೋಗಿ ಬೂಟು ಹಾಕಿಕೊಳ್ಳುವವರಂತೆ ಅರ್ಧ ತಿರುಗಿದರು. ಆಗ ಡೊರೊತಿ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲದ ಮಾತೊಂದನ್ನು ಆಡಿದಳು.

“ಬನ್ನಿ ಜಡ್ಜ್ ಸಾಹೇಬ್ರೇ. ಧೂಳೂರಿನ ಧೂಳು ಹೊರಗೇ ಇರ್ಲಿ. ನನ್ನ ಸಲೂನಿಗೆ ಬೂಟು ಹಾಕ್ಕೊಂಡು ಬಂದವ್ರಿಗೆ ನಾನು ಅನ್ನ ಹಾಕೋದಿಲ್ಲ.”

ಹೀಗೆಂದು ತನ್ನ ಚಪ್ಪಲಿಯನ್ನೂ ಕಾಲಿನಿಂದಲೇ ಕಟ್ಟೆಯ ಕೆಳಗೆ ತಳ್ಳಿದಳು.

‘ಹೋಯ್ತು’ ಎಂದುಕೊಂಡಳು ಪಾವನಾ. ಒಂದು ಸಾಲು ಆಚೀಚೆ ಆಗಿದ್ದಲ್ಲ, ಮೂರು ಸಾಲು ಹೊಸದಾಗಿ ಹುಟ್ಟಿದ್ದವು. ಆಚೆ ಬದಿಯಲ್ಲಿ ಸ್ಪಂದನಾ ಕೈಕಟ್ಟಿ ನಿಂತಿದ್ದಳು. ಮುಂದಿನ ಪ್ರವೇಶಕ್ಕೆ ಸಿದ್ಧನಾಗಿದ್ದ ಮೋಹಿತ್ ಹೆಂಡತಿಯ ಮುಖ ನೋಡಿದ. ಅವನು ಕಾಗದಕ್ಕಾಗಿ ಕಾಯುವ ದನಗಾಹಿಯ ಪಾತ್ರದವನು.

“ಬಿಚ್ಲಾ? ಬೇಡ್ವಾ?”

ಬೂಟು ಹಾಕಿಕೊಂಡೇ ಹೋದರೆ ಅಧ್ಯಕ್ಷರೊಬ್ಬರೇ ತಪ್ಪು ಮಾಡಿದಂತೆ ಕಾಣುತ್ತದೆ. ಬಿಚ್ಚಿ ಹೋದರೆ ಸ್ಕ್ರಿಪ್ಟು ಇನ್ನಷ್ಟು ಕೆಡುತ್ತದೆ. ಅವಳ ಪಕ್ಕದಲ್ಲಿದ್ದ ಬರ್ನಾರ್ಡ್ ಪಿಸುಗುಟ್ಟಿದ.

“ಒಬ್ರನ್ನೇ ಬರಿಗಾಲಲ್ಲಿ ನಿಲ್ಸೋದಾ? ಯಲ್ಲಾ, ಬೇಗ ಬಿಚ್ಚಿ ಮಾರಾಯ್ರೆ.”

“ಬಿಚ್ಚು,” ಎಂದಳು ಪಾವನಾ.

ಮೋಹಿತ್ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದ. ಅವನ ಹಿಂದೆ ಶೆರೀಫ್ ಪಾತ್ರದ ಮಧುಸೂದನ್ ಬಂದ. ಎದೆಯ ಮೇಲೆ ತಗಡಿನ ನಕ್ಷತ್ರ, ಮುಖದಲ್ಲಿ ಗಾಂಭೀರ್ಯ. ಬಾಗಿಲ ಹೊರಗಿನ ಎರಡು ಜೊತೆ ಬೂಟು ನೋಡಿ, ಅರ್ಥವಾಗದೆ, ಅವನೂ ಬಿಚ್ಚಿದ. ಬಿಚ್ಚುವಾಗ ಒಂಟಿ ಕಾಲಿನಲ್ಲಿ ಕುಣಿದು ಚೌಕಟ್ಟು ಹಿಡಿದುಕೊಂಡ. ಥರ್ಮಕೋಲು ತುಸು ಮುರಿಯಿತು.

ಕೊನೆಯಲ್ಲಿ ಕಳ್ಳ ಬರ್ನಾರ್ಡ್ ಬಂದ. ಟೋಪಿ ಹಣೆಗೆ ಎಳೆದುಕೊಂಡು ಹುಲಿಯಂತೆ ನಡೆದು ಬಂದವನು ಬೂಟಿನ ಸಾಲು ಕಂಡು ನಿಂತ. ಪ್ರೇಕ್ಷಕರನ್ನು ನೋಡಿದ. ಮತ್ತೆ ಬೂಟುಗಳನ್ನು ನೋಡಿದ. ಉಸ್ಸೆಂದು ಬೆಂಚಿನ ಮೇಲೆ ಕೂತು, ಇಡೀ ಲೇಸನ್ನು ನಿಧಾನಕ್ಕೆ ತೂತಿನಿಂದ ತೂತಿಗೆ ಎಳೆದು ಬಿಚ್ಚತೊಡಗಿದ. ಅವನು ಎರಡನೆಯ ಬೂಟಿಗೆ ಕೈ ಹಾಕುವಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ನಗು ಚಪ್ಪಾಳೆಯಾಗಿತ್ತು.

ಕೋರ್ಟು ಶುರುವಾಯಿತು. ಎಲ್ಲರೂ ಸಾಕ್ಸಿನಲ್ಲಿ ಕೂತು ಖುಬ್ಜ್ ಹರಿದು ಫೂಲ್‌ನಲ್ಲಿ ಅದ್ದಿ ತಿಂದರು, ಉಮ್ಮರ್ ಕುಂಞಿಯ ಷರತ್ತನ್ನು ನೆನೆದು ಮುಖ ಅರಳಿಸಿದರು. ಶ್ಯಾಮಸುಂದರ್‌ಗೆ ಮಾತು ಮರಳಿತ್ತು. ದನಗಾಹಿಯ ದೂರು ಕೇಳಿದರು, ಕಳ್ಳನ ಟೋಪಿ ತೆಗೆಸಿದರು, ಕಾಗದ ಕೆಳಗೆ ಬಿತ್ತು. ಎಲ್ಲ ಸ್ಕ್ರಿಪ್ಟಿನಲ್ಲಿದ್ದಂತೆಯೇ. ಪಾವನಾ ಉಸಿರು ಬಿಟ್ಟಳು.

“ಈ ಊರಿನ ಗಾಳಿ ನನಗೆ ಒಗ್ಗುವುದಿಲ್ಲ,” ಎಂದು ಬರ್ನಾರ್ಡ್ ತೂಗುಬಾಗಿಲು ತಳ್ಳಿ ಹೊರಗೆ ಓಡಿದ. ಅವನು ಹಾಗೆಯೇ ವೇದಿಕೆಯ ಅಂಚಿಗೆ ಓಡಬೇಕಿತ್ತು. ಆದರೆ ಬಾಗಿಲ ಹೊರಗೆ ಬಂದ ಮನುಷ್ಯನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಬರ್ನಾರ್ಡ್ ಒಂದು ಬೂಟಿಗೆ ಕಾಲು ತೂರಿಸಿದ, ಹೋಗಲಿಲ್ಲ. ಇನ್ನೊಂದಕ್ಕೆ ತೂರಿಸಿದ, ಸಡಿಲ. ನಾಲ್ಕೂ ಜೊತೆ ಒಂದೇ ಸ್ಟೋರಿನವು, ಒಂದೇ ಬಣ್ಣ, ಒಂದೇ ಲೇಸು. ತಾನೇ ತಂದು ಹಂಚಿದವು. ಅವನು ಮಂಡಿಯೂರಿ ಬೂಟುಗಳನ್ನು ಮಗುಚಿ ತಳದಲ್ಲಿ ನಂಬರು ನೋಡತೊಡಗಿದ.

ಮಧುಸೂದನ್ ಹೊರಬಂದು ಸ್ಕ್ರಿಪ್ಟಿನಂತೆ ಗರ್ಜಿಸಿದ. “ನಿಲ್ಲು!”

“ನಿಂತೇ ಇದ್ದೇನೆ. ನನ್ನ ಬೂಟು ಕಾಣೋದಿಲ್ಲ.”

ಶೆರೀಫನಿಗೆ ಮುಂದೇನೆಂದು ಗೊತ್ತಾಗಲಿಲ್ಲ. “ನಂಬರು ಹತ್ತಾ ನಿಮ್ದು?” ಎಂದು ಕೇಳಿ ತಾನೂ ಕೂತು ಹುಡುಕತೊಡಗಿದ.

ಸಭಾಂಗಣದ ನಡುವಿನಿಂದ ಮಗುವೊಂದು ಕೂಗಿತು. “ಜಸ್ಟ್ ರನ್, ಅಂಕಲ್!”

“ಹೊರಗೆ ಬಿಸ್ಲು ಉಂಟು ಮಗಾ,” ಎಂದ ಬರ್ನಾರ್ಡ್ ತಲೆಯೆತ್ತದೆ. “ಕಾಲು ಸುಡ್ತದೆ.”

ಮೇ ತಿಂಗಳ ಕುವೈತಿನಲ್ಲಿ ಕಾರು ನಿಲ್ಲಿಸಿ ಸಭಾಂಗಣದ ತನಕ ನಡೆದು ಬಂದಿದ್ದ ಜನ ಬಿದ್ದು ಬಿದ್ದು ನಕ್ಕರು. ಮದುವೆ ಮನೆಯಲ್ಲಿ, ಪೂಜೆ ಮನೆಯಲ್ಲಿ ತಮ್ಮ ಚಪ್ಪಲಿಗಾಗಿ ಬಗ್ಗಿ ತಡಕಾಡದವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೆ ನಾಟಕ ನಿಂತುಹೋಗಿತ್ತು. ಕಳ್ಳನೂ ಶೆರೀಫನೂ ಒಟ್ಟಿಗೆ ಬೂಟು ಹುಡುಕುವ ನಾಟಕಕ್ಕೆ ಮುಕ್ತಾಯ ಎಲ್ಲಿಂದ ಬರಬೇಕು? ಪಾವನಾ ಪರದೆ ಎಳೆಯುವ ಹಗ್ಗಕ್ಕೆ ಕೈ ಹಾಕಿದಳು. ಪರದೆ ಬಿದ್ದರೆ ಇನ್ನು ಏಳುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ತೂಗುಬಾಗಿಲು ತಳ್ಳಿಕೊಂಡು ಶ್ಯಾಮಸುಂದರ್ ಹೊರಗೆ ಬಂದರು.

ಅವರು ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದರು. ಹೆಬ್ಬೆರಳು ಸಾಕ್ಸಿನಿಂದ ಇನ್ನೂ ಇಣುಕುತ್ತಿತ್ತು, ಅವರು ಅದನ್ನು ಮರೆಮಾಚಲು ಹೋಗಲಿಲ್ಲ.

“ಏನ್ರೀ ಇದು, ಕೋರ್ಟು ಮುಗಿಯೋಕೆ ಮುಂಚೆನೇ ಚಪ್ಲಿ ಹುಡುಕ್ತಿದ್ದೀರಾ? ಇನ್ನೂ ಊಟಾನೇ ಆಗಿಲ್ಲ,” ಎಂದರು.

ಸ್ಕ್ರಿಪ್ಟಿನಲ್ಲಿ ಇಂಥ ಮಾತು ಇರಲಿಲ್ಲ. ಪಾವನಾ ಹಗ್ಗ ಬಿಟ್ಟಳು.

“ಬೇಗ ಶಿಕ್ಷೆ ಕೊಡಿ ಸಾಹೇಬ್ರೇ,” ಎಂದ ಬರ್ನಾರ್ಡ್, ಕೈಯಲ್ಲೊಂದು ಬೂಟು ಹಿಡಿದು. “ಗಡಿಪಾರಾದ್ರೆ ಗಡಿಪಾರು.”

“ಗಡಿಪಾರು ಇಲ್ಲ. ಊರು ಬಿಟ್ಟು ಬಂದವ್ರನ್ನ ಇನ್ನೆಲ್ಲಿಗ್ರೀ ಗಡಿಪಾರು ಮಾಡೋದು?” ಜಡ್ಜ್ ಗಂಟಲು ಸರಿಮಾಡಿಕೊಂಡರು. ಅವರು ಯೋಚಿಸುತ್ತಿದ್ದಾರೆಂದು ಎಲ್ಲರಿಗೂ ಕಂಡಿತು. “ಶಿಕ್ಷೆ ಕೇಳು. ಈ ಊರಿಗೆ ಬರೋ ಕಾಗ್ದಗಳನ್ನೆಲ್ಲ ಇನ್ಮೇಲೆ ನೀನೇ ಡೇರೆ ಡೇರೆಗೂ ತಲುಪಿಸ್ಬೇಕು. ಬರಿಗಾಲಲ್ಲಿ. ನಿನ್ನ ಬೂಟು ಈ ಸಲೂನಲ್ಲೇ ಇರುತ್ತೆ, ಒಂದು ಕಾಗ್ದವೂ ತಪ್ಪದ ದಿನ ಬಂದು ತಗೊಂಡು ಹೋಗು.”

“ಮತ್ತೆ ಊಟ?”

“ಊಟ ಇಲ್ಲೇ. ಅಮ್ಮಾ, ಇವ್ನಿಗೂ ಒಂದು ತಟ್ಟೆ ಹಾಕು.”

“ಕೈ ತೊಳ್ಕೊಂಡು ಬರ್ಲಿ, ಬೂಟು ಮುಟ್ಟಿದ ಕೈ,” ಎಂದಳು ಒಳಗಿನಿಂದ ಡೊರೊತಿ. ಎಲ್ಲರೂ ಒಳಗೆ ಹೋದರು. ಖಾಲಿ ಬಾಗಿಲ ಎದುರು ಎಂಟು ಬೂಟುಗಳು ಚೆಲ್ಲಾಪಿಲ್ಲಿ ಬಿದ್ದಿರುವಾಗ ಪಾವನಾ ಪರದೆ ಎಳೆದಳು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ವೇದಿಕೆಯ ಹಿಂದೆ ಮಾತ್ರ ಯಾರೂ ನಗುತ್ತಿರಲಿಲ್ಲ. ಶ್ಯಾಮಸುಂದರ್ ಒಂದು ಪೆಟ್ಟಿಗೆಯ ಮೇಲೆ ಕೂತು ಕೈಗೆ ಸಿಕ್ಕ ಬೂಟು ಹಾಕಿಕೊಳ್ಳುತ್ತಿದ್ದರು. ಸುತ್ತ ನಟರು ನಿಂತಿದ್ದರು. ಸ್ಪಂದನಾ ಸಹಿ ಬಿದ್ದ ಸ್ಕ್ರಿಪ್ಟು ಹಿಡಿದು ಬಂದಳು.

“ಚೆನ್ನಾಗಿತ್ತು, ನಾನೂ ನಕ್ಕೆ, ಇಲ್ಲ ಅನ್ನಲ್ಲ,” ಎಂದಳು. “ಆದ್ರೆ ರೂಲ್ ಅಂದ್ರೆ ರೂಲ್ ಅಲ್ವಾ ಸರ್? ಈ ಬೂಟಿನ ಸೀನ್ ಇದರಲ್ಲಿ ಎಲ್ಲಿದೆ? ಇದಕ್ಕೆ ಅಪ್ರೂವಲ್ ಕೊಟ್ಟೋರು ಯಾರು?”

ಪಾವನಾ ಬಾಯಿ ತೆರೆದಳು. ಬೂಟು ಬಿಚ್ಚಲು ಹೇಳಿದ್ದು ತಾನೇ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದ್ದಳು. ಅಧ್ಯಕ್ಷರು ಕೈಯೆತ್ತಿ ತಡೆದರು.

“ನಾನು.”

“ಯಾವಾಗ ಸರ್?”

“ಸ್ಟೇಜ್ ಮೇಲೆ. ನಾನೇ ಮೊದ್ಲು ಬಿಚ್ಚಿದ್ದು, ನೋಡ್ಲಿಲ್ವಾ? ಅಧ್ಯಕ್ಷ ಬಿಚ್ಚಿದ್ರೆ ಅಪ್ರೂವ್ ಆದ ಹಾಗೇ ಅಲ್ವೇನಮ್ಮ.” ಲೇಸು ಬಿಗಿದು ಎದ್ದು ನಿಂತರು. “ನಾಟಕ ಇರುತ್ತೆ. ಸೀರೆ ಶೋಗೆ ಬೇರೆ ಟೈಮ್ ಮಾಡೋಣ. ನನ್ನ ಭಾಷಣ ಕಮ್ಮಿ ಮಾಡಿದ್ರೆ ಆಯ್ತು.”

ಸ್ಪಂದನಾ ಸ್ಕ್ರಿಪ್ಟು ಮಡಚಿದಳು. ಅವರ ಭಾಷಣದ ಉದ್ದ ಗೊತ್ತಿದ್ದವಳಿಗೆ ಅದು ಒಳ್ಳೆಯ ಚೌಕಾಸಿಯೇ ಆಗಿತ್ತು.

“ಸರ್,” ಎಂದಳು ಪಾವನಾ. ಥ್ಯಾಂಕ್ಸ್ ಹೇಳಬೇಕೆಂದಿದ್ದಳು, ಬಾಯಿಗೆ ಬಂದದ್ದು ಬೇರೆ. “ಮುಂದಿನ ವರ್ಷ ಸ್ಕ್ರಿಪ್ಟಿಗೆ ಸೈನ್?”

“ಸೈನ್ ಹಾಕ್ತೀನಿ. ಅದೆಲ್ಲಾ ಹಾಗೇ ಇರುತ್ತೆ,” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ಕೇಳಿದರು. “ಅದ್ರಲ್ಲೂ ಜಡ್ಜ್ ಇರ್ತಾನಾ?”

“ಇರಿಸ್ಬೋದು ಸರ್.”

ಹೊರಗಿನ ಪಾರ್ಕಿಂಗಿನತ್ತ ಅವರು ಸ್ವಲ್ಪ ಕುಂಟುತ್ತ ನಡೆದರು. ಬರ್ನಾರ್ಡ್ ಕೊನೆಗೆ ಉಳಿದ ಬೂಟುಗಳನ್ನು ಚೀಲಕ್ಕೆ ತುಂಬುತ್ತ ತಳ ನೋಡಿದ. ಅವನ ಕೈಯಲ್ಲಿದ್ದ ಜೊತೆಯಲ್ಲಿ ಎಡಗಾಲು ಎಂಟು, ಬಲಗಾಲು ಹತ್ತು.

“ಹೋಯ್, ಸರ್ ಹಾಕ್ಕೊಂಡು ಹೋದ್ರಲ್ಲ, ಅದೂ ಒಂದು ಎಂಟು ಒಂದು ಹತ್ತು. ಸ್ಟೋರಿನವ ನನ್ನ ಕೊಲ್ತಾನೆ,” ಎಂದ.

“ಕರೀಬೇಡ,” ಎಂದರು ಪಕ್ಕದಲ್ಲಿದ್ದ ಚಂದ್ರಪ್ರಭಾ. “ಇಲ್ಲಿಂದ ಹೆಂಗಿದ್ರೂ ಸೀದಾ ನಮ್ಮನೇಗೇ ಊಟಕ್ಕೆ ಬರ್ತಾರೆ. ಬಾಗಿಲಲ್ಲಿ ಬಿಚ್ತಾರಲ್ಲ, ಆಗ ಬದಲಾಯ್ಸು.”